ಕಾಡನ್ನುಂಡ ಇದ್ದಿಲು ಹೊಲಕ್ಕೆ ಉಣಿಸೀತೆ?

ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯನ್ನು ಹಿಡಿದು ನಡುವೆ ಸ್ವಲ್ಪ ಒಳಗೆ ಸರಿದರೆ ದೊರೆಯುವ ದೊಡ್ಡಗದ್ದವಳ್ಳಿಯು, ಹೊಯ್ಸಳ ವಿಷ್ಣುವರ್ಧನನ ಆಳಿಕೆಯಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಯಿಂದ ನಾಡಿಗೆಲ್ಲ ಪರಿಚಿತವಾದ ಗ್ರಾಮ. ನಾಲ್ಕು ಗರ್ಭಗೃಹಗಳುಳ್ಳ ಆ ಗುಡಿಯ ಮಗ್ಗುಲಿಗೇ ಕೆರೆ. ಕೆರೆಯಿಂದಾಚೆಗೆ ತೆಂಗು, ಗದ್ದೆ, ಹೊಲ. ಇಲ್ಲಿಂದ ಪಡುವಲಿಗೆ ನಡೆದರೆ ಆಲೂರು, ಸಕಲೇಶಪುರಗಳ ಕಾಫಿಯ ಮಲೆ. ಮೂಡಲಿಗೆ ತಿರುಗಿದರೆ ಚನ್ನರಾಯಪಟ್ಟಣ, ಅರಸೀಕೆರೆಗಳ ತೆಂಗಿನ ಬಯಲು. ತೆಂಕಲಿಗೆ ಹೊಳೆನರಸೀಪುರ, ಅರಕಲಗೂಡುಗಳ ನಾಲೆಯ ನೆಲ ಮತ್ತು ಹೊಗೆಸೊಪ್ಪಿನ ಹೊಲಗಳು. ಒಂದೇ ಜಿಲ್ಲೆಯೊಳಗೆ ಮೂರು ಬಗೆಯ ಮಣ್ಣು, ಮೂರು ಬಗೆಯ ಮಳೆ. ಒಂದು ನೆಲಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಾಗಬೇಕೆಂಬ ನಿಯಮ ಇಲ್ಲಿಲ್ಲ.

ಇದ್ದಿಲನ್ನು ಪುಡಿಮಾಡಿ, ಗೊಬ್ಬರದೊಡನೆ ಹದಗೊಳಿಸಿ, ಸವೆದುಹೋದ ಭೂಮಿಗೆ ಸೇರಿಸಿದರೆ ಆ ಭೂಮಿ ಚೇತರಿಸಿಕೊಳ್ಳುವುದೆಂಬ ಮಾತು ಈಚೆಗೆ ಕೃಷಿಯ ಸಭೆಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಅದಕ್ಕೆ ಜೈವಿಕ ಇದ್ದಿಲು ಎಂದೂ ಬಯೋಚಾರ್ ಎಂದೂ ಹೆಸರು. ಅದನ್ನು ಕುರಿತು ಈ ಕೆರೆಯ ಏರಿಯ ಮೇಲೆ ಇಬ್ಬರು ಮಾತನಾಡಿದರೆಂದು ಓದುಗರು ಭಾವಿಸಬೇಕು. ಒಬ್ಬರು ಬಾಳಿನುದ್ದಕ್ಕೂ ಬೇಸಾಯ ಮಾಡಿದ ಹಿರಿಯರು. ಇನ್ನೊಬ್ಬಳು ಕಾರೆಕೆರೆಯ ಕೃಷಿ ಕಾಲೇಜಿನಲ್ಲಿ ಓದಿ ತಂದೆಯ ಜಮೀನಿಗೆ ಮರಳಿ ಬಂದ ತರುಣಿ.

ಹಿರಿಯರು : ಇದ್ದಿಲಿನಿಂದ ನೆಲ ಚೇತರಿಸಿಕೊಳ್ಳುತ್ತದೆಂದು ನೀನು ಹೇಳುವಾಗ ನನ್ನ ಕಣ್ಣ ಮುಂದೆ ಬರುವುದು ಬೋಳಾದ ಗುಡ್ಡ ಕಣಮ್ಮ. ಮೈಸೂರು ಸರ್ಕಾರ 1918ರಲ್ಲಿ ಕೈಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಕರಗಿ ಹರಿದಾಗ, ಆ ಕುಲುಮೆಯನ್ನು ಉರಿಸಿದ್ದು ಗಣಿಯ ಕಲ್ಲಿದ್ದಲಲ್ಲ, ಮಲೆನಾಡಿನ ಮರ. ಕಲ್ಲಿದ್ದಲೇ ಇಲ್ಲದ ಸಂಸ್ಥಾನದಲ್ಲಿ ಕಬ್ಬಿಣ ಮಾಡಿ ತೋರಿಸಿದ ವಿಶ್ವೇಶ್ವರಯ್ಯನವರ ಸಂಕಲ್ಪಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅದರ ಬೆಲೆಯನ್ನು ತೆತ್ತದ್ದು ಯಾವ ಕಾಡು ಎಂಬುದನ್ನೂ ಮರೆಯಲಾರೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ಬಸ್ಸುಗಳು ಬೆನ್ನಿಗೆ ಕೊಳವೆಯ ಒಲೆಯನ್ನು ಕಟ್ಟಿಕೊಂಡು ಇದ್ದಿಲಿನ ಅನಿಲದಿಂದ ಓಡುತ್ತಿದ್ದುದನ್ನು ನಮ್ಮ ತಂದೆಯವರು ಹೇಳುತ್ತಿದ್ದರು. ಅಕ್ಕಸಾಲಿಗೆ ಇದ್ದಿಲು, ಕಮ್ಮಾರನಿಗೆ ಇದ್ದಿಲು, ಅಗಸನ ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು, ಪಟ್ಟಣದ ಹೋಟೆಲಿಗೆ ಇದ್ದಿಲು. ಇಷ್ಟೆಲ್ಲ ಎಲ್ಲಿಂದ ಬಂತು? ಈಗ ಹೊಲಕ್ಕೂ ಇದ್ದಿಲು ಬೇಕೆಂದರೆ ಉಳಿದಿರುವ ನಾಲ್ಕು ಮರಗಳ ಗತಿಯೇನು?

ತರುಣಿ : ನಿಮ್ಮ ಭಯ ಇತಿಹಾಸದಿಂದ ಹುಟ್ಟಿದ್ದು ತಾತ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಭದ್ರಾವತಿಯ ಇತಿಹಾಸದಲ್ಲೇ ಇನ್ನೊಂದು ಪಾಠವೂ ಇದೆಯಷ್ಟೆ. ಅಲ್ಲಿ ಸೌದೆಯನ್ನು ಬಯಲಿನಲ್ಲಿ ಸುಡಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊಗೆಯನ್ನು ತಣಿಸಿ, ಅದರಿಂದ ಮದ್ಯಸಾರದ ಜಾತಿಯ ದ್ರವವನ್ನೂ ಡಾಂಬರನ್ನೂ ಬೇರ್ಪಡಿಸಿ, ಉಳಿದ ಇದ್ದಿಲನ್ನು ಕುಲುಮೆಗೆ ಕೊಡುತ್ತಿದ್ದರು. ನೂರು ವರ್ಷದ ಹಿಂದೆಯೇ ಈ ನಾಡು ಹೊಗೆಯನ್ನು ಪೋಲುಮಾಡದೆ ಇದ್ದಿಲು ಮಾಡುವುದನ್ನು ಬಲ್ಲದಾಗಿತ್ತು. ಇನ್ನು ಮರದ ಮಾತು: ನಾನು ಒಂದು ಕೊಂಬೆಯನ್ನೂ ಕಡಿಯೆಂದು ಕೇಳುತ್ತಿಲ್ಲ. ಕಾಫಿ ತೋಟದಲ್ಲಿ ಸವರಿ ಬಿಸಾಡಿದ ಕಡ್ಡಿ, ಕಿತ್ತು ಹಾಕಿದ ಹಳೆಯ ಬೊಡ್ಡೆ, ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ಹೊಗೆಸೊಪ್ಪು ಮುರಿದ ಮೇಲೆ ಹೊಲದಲ್ಲಿ ನಿಂತ ಒಣ ಕಡ್ಡಿ, ಕಬ್ಬು ಕಡಿದ ಮೇಲೆ ಬೆಂಕಿ ಇಡುವ ತರಗು, ತೆಂಗಿನ ಮಟ್ಟೆ, ಕರಟ: ಇವೆಲ್ಲ ಹೇಗೂ ಬೂದಿಯಾಗುತ್ತಿವೆ. ಬೂದಿಯಾಗುವ ಮುನ್ನ ಅವನ್ನು ತಡೆದು ನಿಲ್ಲಿಸಿರೆಂದಷ್ಟೇ ನನ್ನ ಮಾತು.

ಹಿರಿಯರು : ತಡೆದು ನಿಲ್ಲಿಸಿದರೆ ಏನು ಉಳಿಯುತ್ತದೆ, ಅದನ್ನು ಹೇಳು. ನಮ್ಮ ಕಾಲದ ಇದ್ದಿಲಿನ ಗೂಡನ್ನು ನಾನು ನೋಡಿದ್ದೇನೆ. ಸೌದೆಯನ್ನು ಒಟ್ಟಿ, ಮೇಲೆ ಸೊಪ್ಪು ಮುಚ್ಚಿ, ಅದರ ಮೇಲೆ ಮಣ್ಣು ಬಳಿದು, ಅಲ್ಲೊಂದು ಇಲ್ಲೊಂದು ಕಂಡಿ ಬಿಟ್ಟು, ದಿನಗಟ್ಟಲೆ ಕಾಯುತ್ತಿದ್ದರು. ಗಾಡಿಗಟ್ಟಲೆ ಸೌದೆ ಒಳಗೆ ಹೋದರೆ ಹೊರಗೆ ಬರುತ್ತಿದ್ದುದು ಕೆಲವು ಮೂಟೆ ಇದ್ದಿಲು, ಸುತ್ತಲಿನವರಿಗೆ ಕೆಮ್ಮು.

ತರುಣಿ : ಆ ಗೂಡಿನ ದೋಷವೇ ಅದು. ಹಳೆಯ ಮಣ್ಣುಗೂಡಿನಲ್ಲಿ ನೂರು ಕಿಲೋ ಒಣ ಸೌದೆಗೆ ಹತ್ತರಿಂದ ಇಪ್ಪತ್ತು ಕಿಲೋ ಇದ್ದಿಲು. ಒಳ್ಳೆಯ ಗೂಡಿನಲ್ಲಿ ಇಪ್ಪತ್ತೈದು, ಮೂವತ್ತು. ಉಳಿದದ್ದೆಲ್ಲ ಹೊಗೆ. ಆ ಹೊಗೆಯಲ್ಲಿ ಮೀಥೇನ್ ಮೊದಲಾದ, ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳಿವೆ. ಕೆಟ್ಟ ಗೂಡಿನಲ್ಲಿ ಮಾಡಿದ ಇದ್ದಿಲು ಮಣ್ಣಿಗೆ ಎಷ್ಟು ಉಪಕಾರ ಮಾಡಿದರೂ ಆಕಾಶಕ್ಕೆ ಮಾಡಿದ ಅಪಕಾರವನ್ನು ತೀರಿಸಲಾರದೆಂಬುದನ್ನು ನಾನೇ ಮೊದಲು ಒಪ್ಪುತ್ತೇನೆ. ಈಗ ಬಡ ರೈತನೂ ಮಾಡಬಹುದಾದ ವಿಧಾನವೊಂದುಂಟು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುವ ಗುಂಡಿಯನ್ನು ತೋಡಿ, ತಳದಲ್ಲಿ ಬೆಂಕಿ ಹೊತ್ತಿಸಿ, ಒಣ ಕಡ್ಡಿಯನ್ನು ತೆಳುವಾಗಿ ಪದರ ಪದರವಾಗಿ ಹಾಕುತ್ತ ಹೋಗಬೇಕು. ಮೇಲಿನ ಪದರದ ಜ್ವಾಲೆ ಕೆಳಗಿನಿಂದೇಳುವ ಅನಿಲವನ್ನು ಅಲ್ಲಿಯೇ ಉರಿಸಿಬಿಡುವುದರಿಂದ ಹೊಗೆ ಬಹಳ ಕಡಿಮೆ. ಕೆಳಗಿನ ಪದರಕ್ಕೆ ಗಾಳಿ ತಲುಪದಿರುವುದರಿಂದ ಅದು ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತದೆ. ಗುಂಡಿ ತುಂಬಿದೊಡನೆ ನೀರೆರೆದು ಆರಿಸುವುದು. ಕಡ್ಡಿಯಲ್ಲಿದ್ದ ಇಂಗಾಲದ ಅರ್ಧದಷ್ಟು ಈ ಇದ್ದಿಲಿನಲ್ಲಿ ಉಳಿಯಬಲ್ಲದು. ಹಾಗೆಯೇ ಕೊಳೆಯಲು ಬಿಟ್ಟ ಕಡ್ಡಿಯ ಇಂಗಾಲ ಕೆಲವೇ ವರ್ಷಗಳಲ್ಲಿ ಗಾಳಿಗೆ ಸೇರಿದರೆ, ಚೆನ್ನಾಗಿ ಬೆಂದ ಇದ್ದಿಲಿನ ಇಂಗಾಲದಲ್ಲಿ ಬಹುಭಾಗ ಶತಮಾನಗಳ ಕಾಲ ಮಣ್ಣಿನಲ್ಲಿ ಇರುತ್ತದೆ.

ಹಿರಿಯರು : ಕೊಳೆಯುವುದನ್ನು ನೀನು ನಷ್ಟವೆಂದು ಎಣಿಸುತ್ತೀಯೆ, ನಾನು ಅದನ್ನೇ ಬೇಸಾಯವೆಂದು ತಿಳಿದವನು. ತಿಪ್ಪೆಯಲ್ಲಿ ಕೊಳೆತದ್ದು ಗೊಬ್ಬರ. ಗೊಬ್ಬರವನ್ನು ಎರೆಹುಳು ಉಣ್ಣುತ್ತದೆ, ಬೇರು ಉಣ್ಣುತ್ತದೆ, ಆಮೇಲೆ ನಾವು ಉಣ್ಣುತ್ತೇವೆ. ಕೊಳೆಯದ ವಸ್ತು ಮಣ್ಣಿನಲ್ಲಿ ನೂರು ವರ್ಷ ಬಿದ್ದಿದ್ದರೆ ಬೆಳೆಗೆ ಬಂದ ಲಾಭವೇನು?

ತರುಣಿ : ಇದ್ದಿಲು ಬೆಳೆಗೆ ಅನ್ನವಲ್ಲ ತಾತ, ಅನ್ನ ಹೊತ್ತು ಬಂದವರಿಗೆ ಇಳಿದುಕೊಳ್ಳುವ ಛತ್ರ. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು; ಅಲ್ಲಿ ನೀರು ನಿಲ್ಲುತ್ತದೆ, ಸೂಕ್ಷ್ಮಜೀವಿಗಳು ನೆಲೆಸುತ್ತವೆ, ಮಳೆಗೆ ಕೊಚ್ಚಿಹೋಗಬೇಕಾಗಿದ್ದ ಸಾರ ಅಂಟಿಕೊಂಡು ನಿಲ್ಲುತ್ತದೆ. ನಮ್ಮ ಕೆಂಪು ಮರಳುಗೂಡಿದ ಮಣ್ಣು ಒಂದು ವಾರ ಬಿಸಿಲು ಕಾಯ್ದರೆ ಬಾಯಾರುತ್ತದಲ್ಲವೆ? ಅಂಥ ಮಣ್ಣಿಗೇ ಇದರ ಉಪಕಾರ ಹೆಚ್ಚು. ಆದರೆ ಬರಿಯ ಇದ್ದಿಲನ್ನು ಹಾಕಬಾರದು. ಹಾಕಿದರೆ ಅದು ಮೊದಲು ಮಣ್ಣಿನಲ್ಲಿರುವ ಸಾರಜನಕವನ್ನೇ ಹಿಡಿದಿಟ್ಟುಕೊಂಡು ಒಂದೆರಡು ಬೆಳೆಗೆ ಕೊರತೆ ಮಾಡೀತು. ಗಂಜಲದಲ್ಲಿ ನೆನೆಸಿ, ಇಲ್ಲವೆ ಕೊಟ್ಟಿಗೆಯಲ್ಲಿ ಹಾಸಿ, ಆಮೇಲೆ ತಿಪ್ಪೆಗೆ ಸೇರಿಸಿ, ಗೊಬ್ಬರದೊಡನೆಯೇ ಹೊಲಕ್ಕೆ ಒಯ್ಯಬೇಕು. ನಿಮ್ಮ ತಿಪ್ಪೆಯನ್ನು ನಾನು ಕಿತ್ತುಕೊಳ್ಳುತ್ತಿಲ್ಲ. ಅದಕ್ಕೊಂದು ಸಂಗಾತಿಯನ್ನು ತರುತ್ತಿದ್ದೇನೆ.

ಹಿರಿಯರು : ಹಾಗಾದರೆ ಇದು ಹೊಸದೇನೂ ಅಲ್ಲವಲ್ಲ. ಘಟ್ಟದ ಕೆಳಗೆ, ಮಂಗಳೂರು, ಉಡುಪಿ, ಕಾಸರಗೋಡು ಸೀಮೆಯಲ್ಲಿ, ಸುಡುಮಣ್ಣು ಮಾಡುತ್ತಾರೆ. ತರಗೆಲೆ, ಕಸಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಹೊದಿಸಿ, ಒಳಗೊಳಗೇ ಹೊಗೆಯಾಡಿಸಿ, ಆ ಬೆಂದ ಮಣ್ಣನ್ನು ತರಕಾರಿಯ ಬುಡಕ್ಕೂ ಮಲ್ಲಿಗೆಯ ಬುಡಕ್ಕೂ ಕೊಡುತ್ತಾರೆ. ಬೂದಿ, ಅರೆಬೆಂದ ಇದ್ದಿಲು, ಸುಟ್ಟ ಮಣ್ಣು ಮೂರೂ ಅದರಲ್ಲಿವೆ. ಯಾವ ಕಾಲೇಜೂ ಕಲಿಸದೆ ನಮ್ಮವರು ಅದನ್ನು ಕಂಡುಕೊಂಡಿದ್ದರು.

ತರುಣಿ : ಹೌದು, ಮತ್ತು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ದಡದವರೂ ಕಂಡುಕೊಂಡಿದ್ದರು. ಅಲ್ಲಿಯ ನೆಲ ಸ್ವಭಾವತಃ ಬಡವು, ಆಮ್ಲೀಯ. ಆದರೂ ಸಾವಿರ ಎರಡು ಸಾವಿರ ವರ್ಷಗಳ ಹಿಂದಿನ ಜನವಸತಿಯ ಜಾಗಗಳಲ್ಲಿ ಕಪ್ಪು ಮಣ್ಣಿನ ತುಣುಕುಗಳಿವೆ, ಇವತ್ತಿಗೂ ಫಲವತ್ತಾಗಿವೆ. ಅದರಲ್ಲಿ ಇದ್ದಿಲು ಹೇರಳ. ಡಚ್ ಮಣ್ಣುವಿಜ್ಞಾನಿ ವಿಮ್ ಸೋಂಬ್ರೂಕ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವಿವರಿಸಿದ ಮೇಲೆ ಲೋಕದ ಗಮನ ಅತ್ತ ಹರಿಯಿತು. ಬಯೋಚಾರಿನ ವಿಚಾರವೆಲ್ಲ ಅಲ್ಲಿಂದ ಬೆಳೆದದ್ದು.

ಹಿರಿಯರು : ಆ ಕಪ್ಪು ಮಣ್ಣಿನಲ್ಲಿ ಇದ್ದಿಲು ಮಾತ್ರವೇ ಇದೆಯೆ?

ತರುಣಿ : ಇಲ್ಲ. ಮೀನಿನ ಮುಳ್ಳು, ಪ್ರಾಣಿಗಳ ಮೂಳೆ, ಒಡೆದ ಮಡಕೆ, ಅಡುಗೆಮನೆಯ ಕಸ, ಮಲ ಎಲ್ಲವೂ ಇವೆ.

ಹಿರಿಯರು : ಹಾಗೆಂದರೆ ಅದು ತಲೆಮಾರುಗಳ ತಿಪ್ಪೆಯಾಯಿತು. ಜನ ಒಂದೆಡೆ ನಿಂತು, ಉಂಡದ್ದನ್ನೂ ಉಳಿದದ್ದನ್ನೂ ಅಲ್ಲಿಯೇ ನೆಲಕ್ಕೆ ಹಿಂದಿರುಗಿಸಿದ್ದರಿಂದ ಆದ ಸಂಪತ್ತು. ಅದರಿಂದ ಇದ್ದಿಲೊಂದನ್ನು ಹೆಕ್ಕಿ, ಚೀಲಕ್ಕೆ ತುಂಬಿ, ಇದೇ ಆ ಗುಟ್ಟೆಂದು ಮಾರಬಂದವರನ್ನು ನಾನು ನಂಬಲಾರೆ. ನಿನ್ನನ್ನಲ್ಲ ತಾಯಿ, ಮಾರುವವರನ್ನು.

ಇಲ್ಲಿ ತರುಣಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿರಿಯರ ಈ ಆಕ್ಷೇಪಣೆಗೆ ಪೂರ್ಣವಾದ ಉತ್ತರ ಈ ಲೇಖಕನಿಗೂ ದೊರೆತಿಲ್ಲ. ಅಮೆಜಾನಿನ ಕಪ್ಪು ಮಣ್ಣನ್ನು ಸಾಕ್ಷಿಗೆ ಕರೆಯುವವರು ಅಲ್ಲಿಯ ಮೂಳೆಯನ್ನೂ ಮಲವನ್ನೂ ಸಾಕ್ಷಿಗೆ ಕರೆಯಬೇಕಾದದ್ದು ನ್ಯಾಯ.

ತರುಣಿ : ಸರಿ, ಅಮೆಜಾನನ್ನು ಬದಿಗಿಡೋಣ, ಈಚಿನ ಪರೀಕ್ಷೆಗಳನ್ನು ನೋಡೋಣ. ಲೋಕದ ನಾನಾ ಕಡೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ತೂಗಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಉಷ್ಣವಲಯದಲ್ಲಿ ಬಯೋಚಾರಿನಿಂದ ಇಳುವರಿ ಸರಾಸರಿ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿತು. ಸಮಶೀತೋಷ್ಣ ದೇಶಗಳಲ್ಲಿ ಸರಾಸರಿ ಲಾಭವೇ ಕಾಣಲಿಲ್ಲ. ನಾವು ಉಷ್ಣವಲಯದವರಷ್ಟೆ.

ಹಿರಿಯರು : ಸರಾಸರಿಯೆಂಬುದು ಯಾರ ಹೊಲದಲ್ಲೂ ಬೆಳೆಯುವುದಿಲ್ಲ. ಲಾಭವಾದದ್ದು ಯಾವ ಮಣ್ಣಿಗೆ?

ತರುಣಿ : ಮುಖ್ಯವಾಗಿ ಹುಳಿ ಮಣ್ಣಿಗೆ, ಸಾರ ಕಡಿಮೆಯಾದ ಮಣ್ಣಿಗೆ. ಇದ್ದಿಲಿನಲ್ಲಿ ಬೂದಿಯ ಅಂಶವಿರುವುದರಿಂದ ಅದು ಹುಳಿಯನ್ನು ತಗ್ಗಿಸುತ್ತದೆ. ಕಾಫಿ ತೋಟದವರು ಸುಣ್ಣ ಎರಚುವುದೂ ಅದೇ ಕಾರಣಕ್ಕೆ. ಸಕಲೇಶಪುರದ ಕಡೆ, ಭಾರಿ ಮಳೆಯಲ್ಲಿ ಸಾರವೆಲ್ಲ ತೊಳೆದುಹೋಗುವ ಇಳಿಜಾರಿನಲ್ಲಿ, ಇದು ಒಪ್ಪುವ ಔಷಧ.

ಹಿರಿಯರು : ಚನ್ನರಾಯಪಟ್ಟಣದ ಬಯಲಿನಲ್ಲಿ, ನಾಲೆಯ ನೀರು ನಿಂತು ಸವುಳು ಏರಿದ ಗದ್ದೆಯಲ್ಲಿ?

ತರುಣಿ : ಅಲ್ಲಿ ಕೂಡದು. ಕ್ಷಾರವಿರುವ ಮಣ್ಣಿಗೆ ಕ್ಷಾರವನ್ನು ಸೇರಿಸಿದಂತಾಗುತ್ತದೆ. ಮಣ್ಣಿನ ರಸಸಾರವನ್ನು ಪರೀಕ್ಷಿಸದೆ ಯಾರೂ ಹಾಕಬಾರದು.

ಹಿರಿಯರು : ಇದನ್ನು ನೀನು ಮೊದಲೇ ಹೇಳಬೇಕಾಗಿತ್ತು. ಸಭೆಗಳಲ್ಲಿ ಹೇಳುವವರೂ ಮೊದಲೇ ಹೇಳಬೇಕು. ಆಗಲಿ, ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪ್ರಯೋಗಗಳಲ್ಲಿ ಎಕರೆಗೆ ಎಷ್ಟು ಹಾಕಿದರು?

ತರುಣಿ : ಬಹಳ ಕಡೆ ಹೆಕ್ಟೇರಿಗೆ ಹತ್ತು ಟನ್ನಿನ ಆಸುಪಾಸು, ಎಕರೆಗೆ ನಾಲ್ಕು ಟನ್.

ಹಿರಿಯರು : ನಲವತ್ತು ಕ್ವಿಂಟಾಲ್. ನನ್ನ ಒಂದು ಎಕರೆ ಮುಸುಕಿನ ಜೋಳದಲ್ಲಿ, ದೇವರು ಕಣ್ಣು ಬಿಟ್ಟ ವರ್ಷ, ಇಪ್ಪತ್ತೈದು ಕ್ವಿಂಟಾಲ್ ಕಾಳು ಬಂದರೆ, ದಿಂಡು ಸಿಕ್ಕುವುದು ಐದು ಕ್ವಿಂಟಾಲ್. ಅದನ್ನೆಲ್ಲ ನಿನ್ನ ಒಳ್ಳೆಯ ಗುಂಡಿಯಲ್ಲೇ ಬೇಯಿಸಿದರೂ ಉಳಿಯುವುದು ಒಂದೂಕಾಲು ಕ್ವಿಂಟಾಲ್ ಇದ್ದಿಲು. ನಲವತ್ತು ಕ್ವಿಂಟಾಲ್ ಕೂಡಿಸಲು ಮೂವತ್ತು ವರ್ಷ ದಾಟುತ್ತದೆ. ಜೋಳದ ಕಡ್ಡಿಯನ್ನು ಕೊಡೆಂದರೆ ಅದು ದನದ ಮೇವು. ಹಾಗಾದರೆ ಆ ನಲವತ್ತು ಕ್ವಿಂಟಾಲ್ ಎಲ್ಲಿಂದ ಬರಬೇಕು? ಹೊರಗಿನಿಂದ. ಹೊರಗೆಂದರೆ ಗೋಮಾಳ, ಗುಂಡುತೋಪು, ಕಾಡು. ನಾನು ಮೊದಲು ಹೇಳಿದ ಬೋಳುಗುಡ್ಡಕ್ಕೆ ನಿನ್ನ ಲೆಕ್ಕವೇ ನನ್ನನ್ನು ಕರೆತಂದು ನಿಲ್ಲಿಸಿತು.

ತರುಣಿ : ಹೊಲದ ತುಂಬ ಎರಚಿದರೆ ನಿಮ್ಮ ಲೆಕ್ಕ ಸರಿ. ಬೇರಿನ ಬಳಿ ಮಾತ್ರ ಕೊಟ್ಟರೆ ಬೇರೆ ಲೆಕ್ಕ. ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದನದ ಗಂಜಲದಲ್ಲಿ ನೆನೆಸಿದ ಇದ್ದಿಲನ್ನು ಹೆಕ್ಟೇರಿಗೆ ಮುಕ್ಕಾಲು ಟನ್ನಿನಂತೆ, ಎಂದರೆ ಎಕರೆಗೆ ಮೂರು ಕ್ವಿಂಟಾಲಿನಂತೆ, ಕುಂಬಳದ ಗಿಡದ ಗುಣಿಗಳಿಗೆ ಹಾಕಿದರು. ಗಂಜಲವನ್ನು ಮಾತ್ರ ಕೊಟ್ಟ ಗಿಡಗಳಿಗಿಂತ ನಾಲ್ಕು ಪಟ್ಟು ಫಲ ಬಂತು. ಇದ್ದಿಲನ್ನು ಮಾತ್ರ ಕೊಟ್ಟವಕ್ಕಿಂತಲೂ ನೂರಕ್ಕೆ ಎಂಬತ್ತೈದರಷ್ಟು ಹೆಚ್ಚು. ಎರಡೂ ಕೂಡಿದಾಗಲೇ ಗುಣ. ಮೂರು ಕ್ವಿಂಟಾಲನ್ನು ನೀವೇ ಎರಡು ಮೂರು ವರ್ಷದಲ್ಲಿ ಕೂಡಿಸಬಲ್ಲಿರಿ. ತೆಂಗಿನ ಪಾತಿ, ಕಾಫಿಯ ಗುಣಿ, ಅಡಕೆಯ ಸಸಿ, ಇಂಥ ಕಡೆ ಹತ್ತಿಪ್ಪತ್ತು ವರ್ಷ ನಿಲ್ಲುವ ಗಿಡದ ಬುಡಕ್ಕೆ ಒಮ್ಮೆ ಕೊಟ್ಟರೆ ಸಾಕು.

ಹಿರಿಯರು : ಒಂದು ದೇಶ, ಒಂದು ಬೆಳೆ. ಆದರೂ ಈ ಮಾತಿನಲ್ಲಿ ಹುರುಳಿದೆ. ಏಕೆಂದರೆ ಇದರಲ್ಲಿ ಗಂಜಲಕ್ಕೆ ಸ್ಥಾನವಿದೆ, ದನಕ್ಕೆ ಸ್ಥಾನವಿದೆ. ಆದರೆ ಕಸವೆಂದು ನೀನು ಹೇಳಿದ ವಸ್ತುಗಳು ನಿಜವಾಗಿ ಕಸವೆ? ಜೋಳದ ದಿಂಡು ನಮ್ಮೂರ ಹೆಂಗಸರಿಗೆ ಹಂಡೆಯ ಒಲೆಯ ಸೌದೆ. ಹೊಗೆಸೊಪ್ಪಿನ ಕಡ್ಡಿಯನ್ನು ಬಡವರು ಹೊರೆ ಕಟ್ಟಿ ಮನೆಗೆ ತರುತ್ತಾರೆ. ನೀನು ಅದನ್ನು ಗುಂಡಿಗೆ ಹಾಕಿದ ದಿನ ಅವರು ಮರ ಹತ್ತುತ್ತಾರೆ.

ತರುಣಿ : ಒಲೆಯಲ್ಲೇ ಇದ್ದಿಲು ಉಳಿಯುವಂತೆ ಮಾಡಬಹುದು. ಮೇಲಿನಿಂದ ಹೊತ್ತಿಸಿ ಅನಿಲವನ್ನು ಉರಿಸುವ ಒಲೆಗಳಿವೆ. ಅಡುಗೆಯೂ ಆಗುತ್ತದೆ, ಕೆಳಗೆ ಇದ್ದಿಲೂ ಉಳಿಯುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದವರು ಹಳ್ಳಿಯ ಸೌದೆಯ ಲೆಕ್ಕವನ್ನು ಮನೆ ಮನೆಗೆ ಹೋಗಿ ತೆಗೆದು, ಕಡಿಮೆ ಸೌದೆಯ ಅಸ್ತ್ರ ಒಲೆಯನ್ನು ಮಾಡಿಕೊಟ್ಟರಲ್ಲವೆ? ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ.

ಹಿರಿಯರು : ಅಸ್ತ್ರ ಒಲೆಯ ಗುಣ ನಾನು ಬಲ್ಲೆ. ಅದನ್ನು ಮಾಡಿದವರು ಮೊದಲು ಹೆಂಗಸರ ಮಾತನ್ನು ಕೇಳಿದರು. ನಿನ್ನ ಇದ್ದಿಲಿನ ಒಲೆಗೆ ಕಡ್ಡಿಯನ್ನು ಸಣ್ಣಗೆ ತುಂಡರಿಸಬೇಕು, ಅಡುಗೆಯ ನಡುವೆ ಸೌದೆ ನೂಕಲು ಬಾರದು, ಕೊನೆಗೆ ಕೆಂಡವನ್ನು ಸುರಿದು ಆರಿಸಬೇಕು. ಈ ಕೆಲಸ ಯಾರ ತಲೆಗೆ ಬೀಳುತ್ತದೆಂದು ಕೇಳಿದ್ದೀಯಾ?

ತರುಣಿ : ಕೇಳಬೇಕಾದದ್ದೇ. ನನ್ನ ಅಮ್ಮನನ್ನೇ ಮೊದಲು ಕೇಳುತ್ತೇನೆ.

ಹಿರಿಯರು : ಅದಕ್ಕಿಂತ ಮೊದಲು ಆರಬೇಕಾದ ಬೆಂಕಿಗಳು ಈ ಜಿಲ್ಲೆಯಲ್ಲಿವೆ. ಅರಕಲಗೂಡಿನ ಕಡೆ ಹೋಗು. ರಾಮನಾಥಪುರದ ಹರಾಜು ಕಟ್ಟೆಗೆ ಬರುವ ಹೊಗೆಸೊಪ್ಪೆಲ್ಲ ಬ್ಯಾರನ್ ಎಂಬ, ಎಲೆ ಒಣಗಿಸುವ ಮನೆಯ ಬಿಸಿಯಲ್ಲಿ ಹದವಾದದ್ದು. ಒಂದು ಕಿಲೋ ಎಲೆ ಹದವಾಗಲು ಹಲವು ಕಿಲೋ ಸೌದೆ ಉರಿಯಬೇಕು. ಹೊಲದ ಬದುವಿನ ಮರ, ದೂರದ ತೋಟದ ಮರ, ಎಲ್ಲ ಲಾರಿಯಲ್ಲಿ ಬಂದು ಅಲ್ಲಿ ಬೂದಿಯಾಗುತ್ತವೆ. ಒಂದು ಕೈಯಲ್ಲಿ ಇಷ್ಟು ಮರವನ್ನು ಉರಿಸುತ್ತ ಇನ್ನೊಂದು ಕೈಯಲ್ಲಿ ನಾಲ್ಕು ಬುಟ್ಟಿ ಇದ್ದಿಲನ್ನು ಹೊಲಕ್ಕೆ ಹಾಕಿ ಭೂಮಿಯ ತಾಪವನ್ನು ಇಳಿಸಿದೆವೆಂದರೆ ಅದು ಸತ್ಯವಾದೀತೆ?

ತರುಣಿ : ಆಗದು. ಬ್ಯಾರನ್ನಿನ ಗೋಡೆಯಿಂದ ಬಿಸಿ ಸೋರದಂತೆ ಮಾಡಿ ಸೌದೆಯನ್ನು ಉಳಿಸುವ ಕೆಲಸ ನನ್ನ ಕೆಲಸಕ್ಕಿಂತ ಮೊದಲಿನದೆಂದು ಒಪ್ಪುತ್ತೇನೆ. ಆದರೆ ಅದು ಮುಗಿಯುವ ತನಕ ಇದನ್ನು ಆರಂಭಿಸಬಾರದೆಂದರೆ ಎರಡೂ ಆಗದೆ ಉಳಿದಾವು. ಕರಟದ ವಿಷಯವನ್ನೇ ನೋಡಿ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಸುತ್ತ ಕೊಬ್ಬರಿ ಒಡೆದು ಉಳಿದ ಕರಟವನ್ನು ಸುಟ್ಟು ಇದ್ದಿಲು ಮಾಡುವ ಕಸಬು ಈಗಾಗಲೇ ಇದೆ. ತೆರೆದ ಗುಂಡಿಯಲ್ಲಿ ಸುಡುವ ಕಡೆಗಳಲ್ಲಿ ಕಪ್ಪು ಹೊಗೆ ಊರಿನ ಮೇಲೆ ಮುಸುಕುತ್ತದೆ. ಕೂಲಿಯವರ ಎದೆಗೂಡು ಸವೆಯುತ್ತದೆ. ಅದೇ ಕೆಲಸವನ್ನು ಮುಚ್ಚಿದ ಗೂಡಿನಲ್ಲಿ ಮಾಡಿದರೆ ಇದ್ದಿಲೂ ಹೆಚ್ಚು, ಹೊಗೆಯೂ ಕಡಿಮೆ.

ಹಿರಿಯರು : ಆ ಇದ್ದಿಲು ಹೊಲಕ್ಕೆ ಬರುತ್ತದೆಯೆ?

ತರುಣಿ : ಬರುವುದಿಲ್ಲ, ಸುಳ್ಳು ಹೇಳಲಾರೆ. ನೀರನ್ನು ಶೋಧಿಸಲು ಬಳಸುವ ಉತ್ತೇಜಿತ ಇಂಗಾಲಕ್ಕೆ ಕರಟದ ಇದ್ದಿಲಿಗಿಂತ ಉತ್ತಮವಾದದ್ದಿಲ್ಲ. ಕಾರ್ಖಾನೆಯವರು ಕೊಡುವ ಬೆಲೆಯ ಮುಂದೆ ಮಣ್ಣು ನಿಲ್ಲಲಾರದು. ಮಣ್ಣಿಗೆ ಉಳಿಯುವುದು ಯಾರಿಗೂ ಬೇಡವಾದ ವಸ್ತು. ಅಂಥದೊಂದು ನಮ್ಮ ನಾಡಿನಲ್ಲಿ ರಾಶಿಯಾಗಿ ಬೆಳೆದು ನಿಂತಿದೆ, ಲಂಟಾನ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೂವಿನ ಚೆಲುವಿಗೆಂದು ಕಲ್ಕತ್ತೆಯ ತೋಟಕ್ಕೆ ತಂದ ಈ ಗಿಡ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನ ತಳವನ್ನೆಲ್ಲ ಆಕ್ರಮಿಸಿ, ಹುಲ್ಲನ್ನು ಕೊಂದು, ಜಿಂಕೆಗೂ ಕಾಟಿಗೂ ಮೇವಿಲ್ಲದಂತೆ ಮಾಡಿದೆ. ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡುತ್ತಿದ್ದಾರೆ. ಆದರೆ ಕುರ್ಚಿಗೆ ಬೇಕಾದ ಕಡ್ಡಿ ಎಷ್ಟು? ಅದನ್ನು ಕಿತ್ತು ಇದ್ದಿಲು ಮಾಡಿ, ಕಿತ್ತ ಜಾಗದಲ್ಲಿ ಹುಲ್ಲನ್ನೂ ನಾಡಮರವನ್ನೂ ಎಬ್ಬಿಸಿದರೆ ಅದು ನೆಲದ ಪುನರುಜ್ಜೀವನವಲ್ಲವೆ?

ಹಿರಿಯರು : ಕಿತ್ತರೆ ಹೌದು. ಕಡಿದರೆ ಅಲ್ಲ. ಬಳ್ಳಾರಿ ಜಾಲಿಯ ಕಥೆಯನ್ನು ನೋಡು. ಬಯಲುಸೀಮೆಯ ಕೆರೆಯಂಗಳ, ಗೋಮಾಳಗಳನ್ನು ನುಂಗಿದ ಆ ಮುಳ್ಳುಗಿಡವನ್ನು ಇದ್ದಿಲಿಗೆಂದು ಎಷ್ಟು ಕಾಲದಿಂದ ಕಡಿಯುತ್ತಿದ್ದಾರೆ? ಅದು ಕಡಿಮೆಯಾಯಿತೆ? ಬೊಡ್ಡೆಯನ್ನು ಬಿಟ್ಟು ಕಡಿದರೆ ಒಂದಕ್ಕೆ ನಾಲ್ಕು ಕೊನರು. ಇದ್ದಿಲಿನವನಿಗೆ ಅದು ಅನುಕೂಲವೇ, ಮರುಬೆಳೆ ತಾನಾಗಿ ಬರುತ್ತದಲ್ಲ. ಕಳೆಗೆ ಬೆಲೆ ಬಂದ ದಿನ ಕಳೆ ಬೆಳೆಯಾಗುತ್ತದೆ ತಾಯಿ. ಅದನ್ನು ಮುಗಿಸಬೇಕಾದವನೇ ಅದರಿಂದ ಹೊಟ್ಟೆ ಹೊರೆಯುತ್ತಿದ್ದರೆ ಮುಗಿಸುವವರಾರು?

ತರುಣಿ : ಆದ್ದರಿಂದ ಕೂಲಿಯನ್ನು ಇದ್ದಿಲಿನ ತೂಕಕ್ಕೆ ಕಟ್ಟಬಾರದು, ಬೇರುಸಹಿತ ತೆರವಾಗಿ, ಎರಡು ಮಳೆಗಾಲ ಕಳೆದರೂ ಹುಲ್ಲು ನಿಂತ ನೆಲದ ಅಳತೆಗೆ ಕಟ್ಟಬೇಕು. ಲಂಟಾನದ ಬುಡವನ್ನು ನೆಲದೊಳಗೆ ಕತ್ತರಿಸಿ ಗಿಡವನ್ನು ತಲೆಕೆಳಗು ಮಾಡಿಡುವ ಕ್ರಮವಿದೆ. ಹಾಗೆ ಮಾಡಿದರೆ ಕೊನರುವುದಿಲ್ಲ. ಇದ್ದಿಲು ಆ ಕೆಲಸದ ಖರ್ಚಿನ ಒಂದು ಪಾಲನ್ನು ಹೊರಲಿ. ಆ ಕೆಲಸದ ಗುರಿಯಾಗದಿರಲಿ.

ಈ ಕೊನೆಯ ಮಾತಿಗೆ ಹಿರಿಯರು ತಲೆದೂಗಿದರು. ಈ ಸಂವಾದದಲ್ಲಿ ಲೇಖಕನು ಅತ್ಯಂತ ಬೆಲೆಯುಳ್ಳದ್ದೆಂದು ಭಾವಿಸುವ ಮಾತೂ ಇದೇ. ಇದ್ದಿಲು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಇದ್ದಿಲಿಗಾಗಿ ಬೆಂಕಿ ಹೊತ್ತಿತೋ, ಬೇರೆ ಕೆಲಸದ ಉಳಿಕೆಯಾಗಿ ಇದ್ದಿಲು ಬಂತೋ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಹಿರಿಯರು : ಇನ್ನೊಂದನ್ನು ಕೇಳಿಬಿಡುತ್ತೇನೆ. ಇಂಗಾಲವನ್ನು ಹೂತಿಟ್ಟದ್ದಕ್ಕೆ ಹೊರದೇಶದ ಕಂಪನಿಗಳು ಹಣ ಕೊಡುತ್ತವಂತೆ. ಯಾರಿಗೆ ಕೊಡುತ್ತವೆ?

ತರುಣಿ : ಬಯೋಚಾರಿನಿಂದ ವಾತಾವರಣದ ಇಂಗಾಲವನ್ನು ಹಿಂದೆಗೆಯಬಹುದೆಂದು ವಿಶ್ವಸಂಸ್ಥೆಯ ಹವಾಮಾನ ಮಂಡಲಿಯ 2018ರ ವರದಿ ಅದನ್ನು ಉಪಾಯಗಳ ಸಾಲಿನಲ್ಲಿ ಸೇರಿಸಿತು. ಆಮೇಲೆ ಅದಕ್ಕೆ ಮಾರುಕಟ್ಟೆ ಹುಟ್ಟಿತು. ಹಣ ಬರುವುದು ಯೋಜನೆಯನ್ನು ನೋಂದಾಯಿಸಿದವನಿಗೆ. ರೈತನಿಗೆ ಎಷ್ಟು ಪಾಲೆಂಬುದು ಒಪ್ಪಂದದಲ್ಲಿ ಬರೆದಂತೆ. ಆ ಹಣ ಬಾರದಿದ್ದರೆ ಒಳ್ಳೆಯ ಗೂಡುಗಳನ್ನು ಹಳ್ಳಿಹಳ್ಳಿಗೆ ಕಟ್ಟಲು ಬಂಡವಾಳ ಎಲ್ಲಿಂದ ತರುವುದು ತಾತ?

ಹಿರಿಯರು : ಶುಂಠಿಗೆ ಗುತ್ತಿಗೆ ಕೊಟ್ಟ ಹೊಲಗಳನ್ನು ನೀನು ನೋಡಿದ್ದೀಯೆ. ಹಣ ಕೈಗೆ ಬಂತು, ಕೊಳೆರೋಗಕ್ಕೆಂದು ಸುರಿದ ವಿಷ ಮಣ್ಣಿನಲ್ಲಿ ಉಳಿಯಿತು, ಗುತ್ತಿಗೆದಾರ ಮುಂದಿನ ಹೊಲಕ್ಕೆ ನಡೆದ. ಮಣ್ಣಿನ ಮೇಲೆ ಯಾರದೋ ಲೆಕ್ಕ ನಡೆಯುವಾಗ ಮಣ್ಣಿನ ಒಡೆಯ ಕಣ್ಣು ತೆರೆದಿರಬೇಕು.

ತರುಣಿ : ಆ ಶುಂಠಿಯ ಹೊಲಗಳಿಗೇ ಇದ್ದಿಲು ಬೇಕೆನ್ನುವವಳು ನಾನು. ಅದು ವಿಷವನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಬೇರಿಗೆ ಸೇರುವುದು ಕಡಿಮೆಯಾಗುತ್ತದೆ.

ಹಿರಿಯರು : ಅಂಟಿಸಿಕೊಳ್ಳುತ್ತದೆ, ಅಳಿಸುವುದಿಲ್ಲ. ಮೊದಲು ವಿಷ ಸುರಿಯುವುದು ನಿಲ್ಲಲಿ. ಮತ್ತೆ ಕಾನೂನಿನ ಮಾತು: ಕರ್ನಾಟಕದ 1963ರ ಅರಣ್ಯ ಕಾಯಿದೆಯಲ್ಲಿ ಇದ್ದಿಲು ಅರಣ್ಯದ ಉತ್ಪನ್ನವೆಂದೇ ಎಣಿಕೆಯಾಗಿದೆ. ಹೊಲದ ಕಸದಿಂದ ಮಾಡಿದ ಇದ್ದಿಲಿಗೆ ವಿನಾಯಿತಿ ಕೊಡಿರೆಂದು ನಿಮ್ಮವರು ಕೇಳಬಹುದು. ಆದರೆ ಪುಡಿಯಾದ ಮೇಲೆ ಕಾಫಿಯ ಕಡ್ಡಿಯ ಇದ್ದಿಲಿಗೂ ಕಾಡಿನ ಮತ್ತಿಯ ಇದ್ದಿಲಿಗೂ ಯಾವ ಗಾರ್ಡು ವ್ಯತ್ಯಾಸ ಕಂಡಾನು? ಆ ಬಾಗಿಲು ತೆರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ತರುಣಿ : ಇದ್ದಿಲು ಸಾಗಾಟವಾಗುವುದೇ ಬೇಡ. ಯಾವ ತೋಟದಲ್ಲಿ ಕಡ್ಡಿ ಬಿತ್ತೋ ಆ ತೋಟದಲ್ಲೇ ಗುಂಡಿ, ಅಲ್ಲೇ ಕೊಟ್ಟಿಗೆ, ಅಲ್ಲೇ ಬುಡ. ಊರ ಗಡಿಯನ್ನು ದಾಟದ ಇದ್ದಿಲಿನಲ್ಲಿ ಕಳ್ಳತನಕ್ಕೆ ಎಡೆಯೆಲ್ಲಿ?

ಹಿರಿಯರು : ಗಡಿ ದಾಟದಿದ್ದರೆ ನಿನ್ನ ಕಂಪನಿಯವನಿಗೆ ಆಸಕ್ತಿಯೂ ಇರಲಾರದು, ಇದ್ದರೆ ಸಂತೋಷ. ನನ್ನ ತೋಟದ ಮೂಲೆಯಲ್ಲಿ ಗುಂಡಿ ತೋಡಲು ಜಾಗ ಕೊಡುತ್ತೇನೆ. ನನ್ನ ತಿಪ್ಪೆಗೆ ಬೆಂಕಿ ತಾಗಿಸಕೂಡದು, ಬದುವಿನ ಹೊಂಗೆಯನ್ನು ಮುಟ್ಟಕೂಡದು.

ತರುಣಿ : ಹೊಂಗೆಯ ಸಿಪ್ಪೆ?

ಹಿರಿಯರು : ಸಿಪ್ಪೆಯನ್ನು ತೆಗೆದುಕೋ.

ಇಬ್ಬರಲ್ಲಿ ಯಾರೂ ತಮ್ಮ ಪಟ್ಟನ್ನು ಬಿಡಲಿಲ್ಲ. ಆದರೆ ಇಬ್ಬರ ಮಾತಿಗೂ ಪರೀಕ್ಷೆಯೊಂದೇ, ಅದು ಈ ಜಿಲ್ಲೆಯ ಮಣ್ಣಿನಲ್ಲಿ ನಡೆಯಬೇಕಾದದ್ದು. ಹಾಸನ ಸೀಮೆಯ ರೈತರಲ್ಲಿ ಈ ಲೇಖಕನ ಬಿನ್ನಹವಿಷ್ಟು: ಮುಂಗಾರಿಗೆ ಮುನ್ನ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕಂಡು ಮಣ್ಣಿನ ರಸಸಾರವನ್ನು ತಿಳಿದುಕೊಳ್ಳಿರಿ, ಮಣ್ಣು ಹುಳಿಯಾಗಿದ್ದರೆ, ನಿಮ್ಮದೇ ತೋಟದ ಕಡ್ಡಿಯಿಂದ ಹೊಗೆಯಿಲ್ಲದಂತೆ ಮಾಡಿದ ಇದ್ದಿಲನ್ನು ಗಂಜಲದಲ್ಲಿ ನೆನೆಸಿ, ಗೊಬ್ಬರದೊಡನೆ ಐದು ಗುಂಟೆಗೆ ಮಾತ್ರ ಕೊಡಿರಿ, ಪಕ್ಕದ ಐದು ಗುಂಟೆಗೆ ಅಷ್ಟೇ ಗಂಜಲ, ಅಷ್ಟೇ ಗೊಬ್ಬರವನ್ನು ಇದ್ದಿಲಿಲ್ಲದೆ ಕೊಡಿರಿ, ಮೂರು ಬೆಳೆಗಳ ತೂಕವನ್ನು ಬರೆದಿಡಿರಿ. ಆ ಮೂರು ಬೆಳೆ ಮುಗಿಯುವ ತನಕ ಇಂಗಾಲದ ಹೆಸರಿನ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿರಿ.